ಕಂಪ್ಯೂಟರು ‘ಆಗಂಗಿಲ್ಲ’ ಅಂದದ್ದು

ಹೋದ ವಾರ ಶಹಾಪುರದ ಬಸ್ ನಿಲ್ದಾಣದ ಎದುರಿನ ಬಂಡಿಯಲ್ಲಿ ಎರಡು ಮಿರ್ಚಿ ಕಟ್ಟಿಸಿಕೊಂಡೆ. ಕರಿದದ್ದು ತಿನ್ನಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅವರು ಹೇಳಿದ್ದು ಮನೆಯಲ್ಲಿ ಕರಿದದ್ದಕ್ಕೆ, ಬಸ್ ನಿಲ್ದಾಣದ್ದಕ್ಕಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮಿರ್ಚಿ ಮುಗಿದ ಮೇಲೆ ಆ ಪೇಪರಿನ ತುಂಡಿಗೇ ಕೈ ಒರೆಸಿಕೊಳ್ಳಲು ಹೋದೆ. ಅದರಲ್ಲಿ ಒಂದು ಸುಡೊಕು ಇತ್ತು. ಒಂಬತ್ತು ಸಾಲು, ಒಂಬತ್ತು ಕಂಬ, ಯಾವುದರಲ್ಲೂ ಒಂದೇ ಅಂಕಿ ಎರಡು ಸಲ ಬರಬಾರದು ಅನ್ನುವ ಆಟ, ನಿಮಗೆ ಗೊತ್ತೇ ಇದೆ. ಯಾರೋ ನೀಲಿ ಪೆನ್ನಿನಲ್ಲಿ ಅರ್ಧ ತುಂಬಿ, ಮೂರನೆಯ ಸಾಲಿನಲ್ಲಿ ಎರಡು ಏಳು ಬರೆದು, ಆರಾಮವಾಗಿ ಎದ್ದು ಹೋಗಿದ್ದರು. ಎಣ್ಣೆ ಇಳಿದು ಆ ಎರಡೂ ಏಳು ಹಿಂಬದಿಯಿಂದಲೂ ಕಾಣುತ್ತಿದ್ದವು.

ಚೀಲದಲ್ಲಿ ಪೆನ್ನು ಹುಡುಕಿದೆ. ಎಣ್ಣೆಗಾಗದದ ಮೇಲೆ ಪೆನ್ನು ಮೂಡಲಿಲ್ಲ. ಮನಸ್ಸಿನಲ್ಲೇ ತಿದ್ದುತ್ತ ನಿಂತೆ. ಎರಡನೆಯ ಏಳು ತನ್ನ ಸರಿಯಾದ ಮನೆಗೆ ಹೋಗಿ ಕೂರುವ ಹೊತ್ತಿಗೆ ಸುರಪುರದ ಬಸ್ಸು ಬಂದು, ತುಂಬಿ, ಹೋಗಿಯೂ ಆಗಿತ್ತು.

ನಿವೃತ್ತಿಗೆ ಎರಡು ವರ್ಷ ಉಳಿದಿರುವ ಗಣಿತದ ಟೀಚರ್ ಒಬ್ಬಳು ಮಿರ್ಚಿ ಕಟ್ಟಿದ ಕಾಗದದ ತಪ್ಪು ತಿದ್ದುತ್ತ ಬಸ್ಸು ತಪ್ಪಿಸಿಕೊಳ್ಳುವುದು ಶೋಭೆಯಲ್ಲ ಎಂದು ನನಗೂ ಗೊತ್ತು. ಆದರೆ ಈ ಚಟ ಇವತ್ತಿನದಲ್ಲ. ಇದರ ಬೇರು ನಾರಾಯಣಪುರದಲ್ಲಿದೆ.

ನಮ್ಮಪ್ಪ ಅಲ್ಲಿ ಅಣೆಕಟ್ಟಿನ ಕೆಲಸಕ್ಕಿದ್ದರು. ಕಾಲುವೆಯ ಬಾಗಿಲು ಎತ್ತುವುದು, ಇಳಿಸುವುದು, ಕಲ್ಲಿನ ಮೇಲಿನ ಗೆರೆ ನೋಡಿ ನೀರು ಎಷ್ಟಿದೆ ಎಂದು ಬರೆದಿಡುವುದು. ನಾವಿದ್ದದ್ದು ನೌಕರರ ಸಾಲುಮನೆಗಳಲ್ಲಿ. ಎಲ್ಲ ಮನೆಗಳಿಗೂ ಒಂದೇ ಬಣ್ಣ, ಒಂದೇ ಬಾಗಿಲು, ಒಂದೇ ಜಾಗದಲ್ಲಿ ಒಲೆ. ಒಮ್ಮೆ ನಾನು ಆಟದಿಂದ ಹಸಿದು ಬಂದು, ಒಲೆಯ ಪಕ್ಕ ಕೂತು, ಕೊಟ್ಟ ರೊಟ್ಟಿಯನ್ನು ಪುಂಡಿಪಲ್ಯದ ಜೊತೆ ತಿಂದು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳಿ ತಲೆ ಎತ್ತಿದರೆ ಎದುರಿಗೆ ಕೂತಿದ್ದವರು ನಮ್ಮವ್ವ ಅಲ್ಲ. ಆ ಮನೆಯಾಕೆ ಉಪ್ಪು ಹಾಕಿದರು.

ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕುರಿ ಸಾಕುವ ಮನೆಯವರು. ಬೇಸಿಗೆಗೆ ಬಂದು ನಮ್ಮ ಜೊತೆ ಇರುತ್ತಿದ್ದರು. ಒಂದು ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತು ನನಗೊಂದು ಒಗಟು ಹೇಳಿದರು. ಒಬ್ಬನ ಹತ್ತಿರ ಒಂದು ತೋಳ, ಒಂದು ಆಡು, ಒಂದು ಹೊರೆ ಸೊಪ್ಪು ಇವೆ. ಹರಿಗೋಲಿನಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನಿಲ್ಲದಾಗ ತೋಳ ಆಡನ್ನು ತಿನ್ನುತ್ತದೆ, ಆಡು ಸೊಪ್ಪನ್ನು ತಿನ್ನುತ್ತದೆ. ಮೂರನ್ನೂ ಹೊಳೆ ದಾಟಿಸುವುದು ಹೇಗೆ? ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕೇಳಿದರು, ತೋಳವನ್ನು ದಾಟಿಸುವುದಾದರೂ ಯಾಕೆ, ಈ ದಡದಲ್ಲೇ ಬಿಟ್ಟು ಹೋದರೆ ಪೀಡೆ ತಪ್ಪಿತಲ್ಲ ಎಂದು. ಲೆಕ್ಕದಲ್ಲಿ ಹಾಗಿದೆ ಎಂದು ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು.

“ಹಂಗಾರ ಲೆಕ್ಕ ಮಾಡಿದಾಂವ ಕುರಿ ಕಾಯ್ದಿಲ್ಲ” ಎಂದು ಅಜ್ಜಿ ತೀರ್ಪು ಕೊಟ್ಟು ಎಲೆ ಅಡಿಕೆಗೆ ಕೈ ಹಾಕಿದರು.

ನಾನು ಮಾತ್ರ ಬಿಡಲಿಲ್ಲ. ಹುಣಸೆಬೀಜವನ್ನು ತೋಳ ಮಾಡಿ, ಜೋಳದ ಕಾಳನ್ನು ಆಡು ಮಾಡಿ, ಬೇವಿನ ಎಲೆಯನ್ನು ಸೊಪ್ಪು ಮಾಡಿ ಅಂಗಳದಲ್ಲಿ ಗೆರೆ ಎಳೆದು ಎರಡು ದಿನ ಕೂತೆ. ಎರಡನೆಯ ದಿನ ಆಡು ಹೊಳೆಯ ಮಧ್ಯದಲ್ಲಿದ್ದಾಗ ಪಕ್ಕದ ಮನೆಯ ಕೋಳಿ ಅದನ್ನು ತಿಂದುಹೋಯಿತು. ಮೂರನೆಯ ದಿನ ಉತ್ತರ ಸಿಕ್ಕಿತು. ಆ ಖುಷಿಯನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗಿಯೇ ನಾನು ಗಣಿತ ಓದಿದ್ದು ಅನ್ನಿಸುತ್ತದೆ. ಮನೆಯಲ್ಲಿ ಮಾತ್ರ ಬಿ.ಇಡಿ. ಮಾಡಿದರೆ ನೌಕರಿ ಬೇಗ ಸಿಗುತ್ತದೆ ಎಂಬ ಕಾರಣ ಹೇಳಿದ್ದೆ.

ಈಗ ನಸೀಮಾ ಎಂಬವಳ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಯಾದಗಿರಿಯಲ್ಲಿ ನಮಗೆಲ್ಲ ಕಂಪ್ಯೂಟರ್ ತರಬೇತಿ ಇಟ್ಟಿದ್ದರು. ಯಾದಗಿರಿಯ ಮೇ ತಿಂಗಳು ಹೇಗಿರುತ್ತದೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಆ ಕೋಣೆಯಲ್ಲಿ ಕಂಪ್ಯೂಟರುಗಳ ಸಲುವಾಗಿ ಏಸಿ ಇತ್ತು, ಏಸಿಯ ಸಲುವಾಗಿ ನಾವಿದ್ದೆವು. ಕಲಿಸುತ್ತಿದ್ದವಳು ನಸೀಮಾ, ಕಾಲೇಜಿನಲ್ಲಿ ಕಂಪ್ಯೂಟರ್ ಹೇಳುವ ಹುಡುಗಿ, ನನ್ನ ಅರ್ಧ ವಯಸ್ಸು. ನಾನು ಹಿಂದಿನ ಬೆಂಚಿನಲ್ಲಿ ಕೂತು ಮೇಜಿನ ಕೆಳಗೆ ಸುಡೊಕು ತುಂಬುತ್ತಿದ್ದೆ. ಮಕ್ಕಳಿಗೆ ಇದೇ ತಪ್ಪಿಗೆ ಎಷ್ಟೋ ಸಲ ಬೈದವಳು ನಾನು. ನಸೀಮಾ ಬೈಯಲಿಲ್ಲ. ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಮ್ಯಾಡಂ, ಒಂದೊಂದೇ ಮಾಡಿ ಯಾಕ ತಲಿ ಕೆಡಿಸ್ಕೋತೀರಿ? ಎಲ್ಲಾ ಒಮ್ಮೆಗೇ ಬಿಡಿಸೂದು ಒಂದು ಅದ, ಸಂಜಿಗೆ ನಿಲ್ರಿ, ತೋರಸ್ತೀನಿ.”

ಅವಳು ತೋರಿಸಿದ್ದಕ್ಕೆ ಸ್ಯಾಟ್ ಸಾಲ್ವರ್ ಎಂದು ಹೆಸರು. ಆ ಪ್ರೋಗ್ರಾಮಿಗೆ ಕೂಡಿಸಲು ಕಳೆಯಲು ಹೇಳುವಂತಿಲ್ಲ. ಅದಕ್ಕೆ ತಿಳಿಯುವುದು ಹೌದು, ಅಲ್ಲ ಎಂಬ ಎರಡೇ ಮಾತು. ಸುಡೊಕುವಿನ ಮೊದಲ ಮನೆಯಲ್ಲಿ ಒಂದು ಇದೆಯೇ? ಹೌದು ಅಥವಾ ಅಲ್ಲ. ಎರಡು ಇದೆಯೇ? ಹೌದು ಅಥವಾ ಅಲ್ಲ. ಹೀಗೆ ಎಂಬತ್ತೊಂದು ಮನೆಗೂ ಒಂಬತ್ತೊಂಬತ್ತು ಪ್ರಶ್ನೆ, ಒಟ್ಟು ಏಳುನೂರಾ ಇಪ್ಪತ್ತೊಂಬತ್ತು. ಆಮೇಲೆ ಷರತ್ತುಗಳನ್ನು ಒಂದೊಂದು ಸಾಲಾಗಿ ಬರೆದುಕೊಡಬೇಕು: ಈ ಮನೆಯಲ್ಲಿ ಯಾವುದಾದರೂ ಒಂದು ಅಂಕಿ ಇರಲೇಬೇಕು, ಈ ಸಾಲಿನ ಎರಡು ಮನೆಗಳಲ್ಲಿ ಏಳು ಇರಬಾರದು. ಅಷ್ಟು ಕೊಟ್ಟರೆ ಅದು ಒಂದು ಕಡೆ ಹೌದು ಎಂದು ಹಿಡಿದು ಹೊರಡುತ್ತದೆ. ಮುಂದೆ ಎಲ್ಲೋ ತಾಳೆ ತಪ್ಪಿದರೆ, ತಪ್ಪಿದ್ದು ಯಾಕೆ ಎಂದು ಬರೆದಿಟ್ಟುಕೊಂಡು ಹಿಂದಕ್ಕೆ ಬರುತ್ತದೆ. ಆ ತಪ್ಪನ್ನು ಮತ್ತೆ ಮಾಡುವುದಿಲ್ಲ. ಒಮ್ಮೆ ಮಾಡಿದ ತಪ್ಪನ್ನು ಮತ್ತೆ ಮಾಡದ ಈ ಗುಣವನ್ನು ನಾನು ಇಷ್ಟು ವರ್ಷದ ನೌಕರಿಯಲ್ಲಿ ಬೇರೆಲ್ಲೂ ಕಂಡಿಲ್ಲ, ಕನ್ನಡಿಯಲ್ಲಂತೂ ಇಲ್ಲವೇ ಇಲ್ಲ. ಕೊನೆಗೆ ಎಲ್ಲ ಷರತ್ತೂ ಕೂಡಿಬರುವ ಒಂದು ಉತ್ತರ ಕೊಡುತ್ತದೆ. ಅಂಥ ಉತ್ತರವೇ ಇಲ್ಲದಿದ್ದರೆ ಇಲ್ಲ ಎಂದು ಖಚಿತವಾಗಿ ಹೇಳುತ್ತದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುವ ಆ ಎರಡು ಉತ್ತರಗಳನ್ನು ನಸೀಮಾ ನನಗಾಗಿ ನಮ್ಮ ಮಾತಿಗೆ ಬದಲಿಸಿಕೊಟ್ಟಳು: ‘ಆಗ್ತದ’, ‘ಆಗಂಗಿಲ್ಲ’.

ನನ್ನ ಸುಡೊಕುವನ್ನು ಅದು ನಾನು ಕಣ್ಣು ಪಿಳುಕಿಸುವುದರೊಳಗೆ ಬಿಡಿಸಿತು. ಖುಷಿಯಾಗುವ ಬದಲು ಒಂದು ಥರ ಆಯಿತು. ರೊಟ್ಟಿ ಬಡಿಯುವುದನ್ನೇ ಇಷ್ಟಪಡುವವಳಿಗೆ ಯಾರೋ ಬಡಿದಿಟ್ಟ ರೊಟ್ಟಿಯ ಗಂಟು ತಂದುಕೊಟ್ಟ ಹಾಗೆ.

ಆದರೆ ಬಡಿದ ರೊಟ್ಟಿಗೂ ಒಂದು ಉಪಯೋಗವಿದೆಯಲ್ಲ. ಶಾಲೆ ಶುರುವಾದಾಗ ವೇಳಾಪಟ್ಟಿ ಮಾಡುವ ಕೆಲಸ ಪ್ರತಿ ವರ್ಷದಂತೆ ನನ್ನ ತಲೆಗೆ ಬಂತು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯ ಹೈಸ್ಕೂಲು ನಮ್ಮದು. ಹಿಂದಿ ಸರ್ ಯಾದಗಿರಿಯಿಂದ ಬರುವವರು, ಅವರ ಬಸ್ಸು ಮೊದಲ ಪಿರಿಯಡ್ ಮುಗಿದ ಮೇಲೆ ಬರುತ್ತದೆ. ಪಿಟಿ ಸರ್ ಊಟದ ನಂತರದ ಬಿಸಿಲಿಗೆ ಇಳಿಯುವುದಿಲ್ಲ. ನಾನು ಎಲ್ಲವನ್ನೂ ಸಾಲು ಸಾಲಾಗಿ ಬರೆದುಕೊಟ್ಟೆ. ‘ಆಗ್ತದ’ ಅಂದಿತು. ಪಟ್ಟಿಯನ್ನು ಹೆಡ್‌ಮಾಸ್ತರರ ಸಹಿ ಮಾಡಿಸಿ ಗೋಡೆಗೆ ಹಚ್ಚಿದೆ. ಎರಡನೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯರು ಅಳುಮುಖ ಹಾಕಿಕೊಂಡು ಬಂದರು. ಅವರಿಗೆ ಬುಧವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ಗಣಿತ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಗಣಿತ ಬೇಡ ಎಂದು ಹೇಳಲು ನಾನು ಮರೆತಿದ್ದೆ. ಹೇಳದೇ ಉಳಿದದ್ದು ಅದಕ್ಕೆ ಗೊತ್ತಿಲ್ಲ. ನನ್ನ ಮಟ್ಟಿಗೆ ಆ ಪಟ್ಟಿಯಲ್ಲಿ ಯಾವ ತಪ್ಪೂ ಕಂಡಿರಲಿಲ್ಲ ಎನ್ನುವುದನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ತಿದ್ದಿದ ಪಟ್ಟಿ ಚೆನ್ನಾಗಿ ನಡೆಯಿತು. ಟೀಚರ್ ಹತ್ತಿರ ಪಾಳಿ ಹಚ್ಚುವ ಮಷಿನ್ ಇದೆ ಎಂದು ಊರಲ್ಲಿ ಸುದ್ದಿಯಾಯಿತು. ಒಂದು ದಿನ ಸಾಬಣ್ಣ ಶಾಲೆಗೆ ಬಂದರು.

ಸಾಬಣ್ಣ ಆ ಊರಿನ ಹಿರಿಯರು. ಕುರಿಯೂ ಇವೆ, ಕಾಲುವೆಯ ಕೆಳಗೆ ಹೊಲವೂ ಇದೆ. ಕಾಲುವೆ ಬಂದ ಹೊಸದರಲ್ಲಿ ಜೋಳದ ಹೊಲದಲ್ಲಿ ನೀರು ನಿಲ್ಲಿಸಿದರೆ ಮಣ್ಣು ಕೊಳೆಯುತ್ತದೆ ಎಂದು ವಾದಿಸಿದವರು ಅವರೇ, ಊರಲ್ಲಿ ಮೊದಲು ಭತ್ತ ಹಚ್ಚಿದವರೂ ಅವರೇ. ಅವರ ತಾಪತ್ರಯ ಹೀಗಿತ್ತು. ಕಾಲುವೆಯ ಒಂದು ತೂಬಿನಿಂದ ಒಂದು ಸಣ್ಣ ಹೊಲಗಾಲುವೆ ಇಳಿಯುತ್ತದೆ. ಅದರ ಕೆಳಗೆ ಹದಿನಾಲ್ಕು ಹೊಲ. ವಾರಕ್ಕೆ ಏಳು ಹಗಲು, ಏಳು ರಾತ್ರಿ, ಒಬ್ಬೊಬ್ಬರಿಗೆ ಒಂದೊಂದು ಪಾಳಿ. ಲೆಕ್ಕ ಬರಾಬರ್ ಇದೆ, ಜಗಳ ಮಾತ್ರ ಪ್ರತಿ ಹಂಗಾಮಿಗೂ ತಪ್ಪಿದ್ದಲ್ಲ. ಹೋದ ಸಲ ಸಲಿಕೆ ಎತ್ತುವವರೆಗೆ ಹೋಗಿತ್ತು.

“ಮನುಷ್ಯಾ ಹೇಳಿದ್ರ ಇಂವ ಅವರ ಕಡಿ, ಅಂವ ಇವರ ಕಡಿ ಅಂತಾರ್ರಿ. ನಿಮ್ಮ ಮಷಿನಿಗೆ ಕಡಿ ಇಲ್ಲಲ್ಲ. ಅದು ಹೇಳ್ಲಿ” ಎಂದರು ಸಾಬಣ್ಣ.

ನಾನು ಒಪ್ಪಿಕೊಂಡೆ. ಹೆಮ್ಮೆಯಿಂದ ಒಪ್ಪಿಕೊಂಡೆ ಎಂದು ಹೇಳುವುದೇ ಸರಿ. ಭಾನುವಾರ ಬೆಳಿಗ್ಗೆ ಶಾಲೆಯ ಪಡಸಾಲೆಯಲ್ಲಿ ಹದಿನಾಲ್ಕೂ ಮಂದಿಯನ್ನು ಕೂಡಿಸಿ ಒಬ್ಬೊಬ್ಬರ ಷರತ್ತು ಬರೆದುಕೊಂಡೆ. ಸಾಬಣ್ಣನಿಗೆ ಕುರಿ ಸಂತೆಯ ದಿನ ಬೇಡ. ಬಸ್ ಕಂಡಕ್ಟರ್ ಒಬ್ಬರಿದ್ದರು, ಅವರಿಗೆ ಡ್ಯೂಟಿಯ ದಿನ ಬೇಡ. ಕೆಲವರಿಗೆ ಶುಕ್ರವಾರ ಬೇಡ, ಕೆಲವರಿಗೆ ಅಮಾವಾಸ್ಯೆ ಬೇಡ. ಅಮಾವಾಸ್ಯೆ ವಾರಕ್ಕೊಮ್ಮೆ ಬರುವುದಿಲ್ಲ ಎಂದು ತಿಳಿಸಿಹೇಳಲು ಅರ್ಧ ಗಂಟೆ ಹಿಡಿಯಿತು.

ಮಲ್ಲಪ್ಪ, ನಿಂಗಪ್ಪ ಅಣ್ಣತಮ್ಮಂದಿರು. ಹೊಲಗಾಲುವೆಯ ಕೆಳತುದಿಯಲ್ಲಿ ಅಕ್ಕಪಕ್ಕದ ಹೊಲ. ಆರು ವರ್ಷದಿಂದ ಮಾತಿಲ್ಲ. ನಿಂಗಪ್ಪ ಮಗಳ ನಿಶ್ಚಯಕ್ಕೆ ಅಣ್ಣನನ್ನು ಕರೆಯಲು ತಾನೇ ಹೋಗದೆ ಬೇರೆಯವರ ಕೈಯಲ್ಲಿ ಹೇಳಿಕಳಿಸಿದ್ದರಂತೆ. ಪಾಳಿ ಬದಲಾಗುವಾಗ ಒಬ್ಬರು ತಮ್ಮ ಹೊಲದ ಬಾಯಿಗೆ ಮಡ್ಡೆ, ಅಂದರೆ ಮಣ್ಣಿನ ತಡೆ, ಕಟ್ಟಬೇಕು, ಇನ್ನೊಬ್ಬರು ತಮ್ಮದನ್ನು ತೆಗೆಯಬೇಕು, ‘ಇನ್ನ ನಿಂದು’ ಎಂದು ಒಂದು ಮಾತಾದರೂ ಆಡಬೇಕು. ಅದಕ್ಕಾಗಿ ಇಬ್ಬರ ಪಾಳಿ ಒಂದರ ಹಿಂದೊಂದು ಬರಬಾರದು ಎಂದು ಇಬ್ಬರೂ ಬರೆಸಿದರು. ಆ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರ ಒಮ್ಮತ ನೋಡುವಂತಿತ್ತು. ಜೊತೆಗೆ ಮಲ್ಲಪ್ಪ ರಾತ್ರಿ ಪಾಳಿ ಬೇಡ ಎಂದರು, ಕಣ್ಣಿನ ಆಪರೇಷನ್ ಆಗಿತ್ತು. ನಿಂಗಪ್ಪನೂ ರಾತ್ರಿ ಬೇಡ ಎಂದರು. ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಕೊನೆಯ ಹೊಲ ಮರೆಮ್ಮನದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಹೊಲ ಮಾಡುತ್ತಿದ್ದರು. ಮಿಕ್ಕವರೆಲ್ಲ ಪಡಸಾಲೆಯಲ್ಲಿ ಕೂತಿದ್ದರೆ ಅವರು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಮೇಲೆ ಬನ್ನಿ ಎಂದು ಕರೆದೆ, ಇಲ್ಲೇ ಗಾಳಿ ಇದೆ ಎಂದರು. ಅವರವು ಎರಡೇ ಷರತ್ತು. ಒಂದು, ಹಗಲು ಪಾಳಿ ಬೇಕು. ಇನ್ನೊಂದು, ತಮಗಿಂತ ಮುಂಚಿನ ಪಾಳಿ ಮಲ್ಲಪ್ಪನದೋ ನಿಂಗಪ್ಪನದೋ ಆಗಿರಬೇಕು. ಮೇಲಿನ ಹೊಲದವರ ಪಾಳಿ ಮುಗಿದ ಮೇಲೆ ತಮ್ಮದು ಬಂದರೆ ಕೆಳಗಿನ ಕಾಲುವೆಯೆಲ್ಲ ಒಣಗಿ ಬಿರಿದಿರುತ್ತದೆ, ಬಿಟ್ಟ ನೀರನ್ನು ಎರೆಮಣ್ಣೇ ಕುಡಿಯುತ್ತದೆ, ಹೊಲ ಮುಟ್ಟುವ ಹೊತ್ತಿಗೆ ಪಾಳಿ ಮುಗಿದಿರುತ್ತದೆ. ಪಕ್ಕದವರದು ಆಗಲೇ ಹರಿಯುತ್ತಿದ್ದರೆ ಕಾಲುವೆ ಹಸಿಯಾಗಿರುತ್ತದೆ. ಎರಡು ವರ್ಷದಿಂದ ಸುತ್ತಲೂ ಭತ್ತ ಹಸಿರಾಗಿರುವಾಗ ಅವರ ಹೊಲದಲ್ಲಿ ಮಾತ್ರ ಮಳೆ ನಂಬಿದ ತೊಗರಿ ಇತ್ತು. ಅವರೇ ಮಲ್ಲಪ್ಪನ ಹೊಲದಲ್ಲೂ ನಿಂಗಪ್ಪನ ಹೊಲದಲ್ಲೂ ಕೂಲಿಗೆ ಭತ್ತ ಹಚ್ಚಿ ಬರುತ್ತಿದ್ದರು.

ಎಲ್ಲವನ್ನೂ ಬರೆದುಕೊಟ್ಟು ಎಲ್ಲರ ಎದುರಿಗೇ ಗುಂಡಿ ಒತ್ತಿದೆ. ಪಡಸಾಲೆಯಲ್ಲಿದ್ದ ಹದಿಮೂರು ತಲೆಗಳು ಲ್ಯಾಪ್‌ಟಾಪಿನ ಮೇಲೆ ಬಾಗಿದವು.

‘ಆಗಂಗಿಲ್ಲ.’

ಕಂಡಕ್ಟರ್, “ಇದಕ್ಕ ಸರ್ಕಾರಿ ನೌಕರಿ ಕೊಡ್ರಿ, ಪಕ್ಕಾ ತಯಾರ್ ಆಗ್ಯಾದ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸರ್ಕಾರಿ ನೌಕರಿಯವಳಾಗಿ ಬೇರೆ ದಾರಿಯಿರಲಿಲ್ಲ. ನಗು ಮುಗಿಯುತ್ತಿದ್ದಂತೆ ಹಳೆಯ ಜಗಳ ಶುರುವಾಯಿತು. ಕಂಡಕ್ಟರ್ ಇಷ್ಟು ದಿನ ಬೇಡ ಅಂದದ್ದಕ್ಕೇ ಹೀಗಾಗಿದ್ದು ಎಂದು ಒಬ್ಬರು, ಸಾಬಣ್ಣನ ಕುರಿಯಿಂದ ಎಂದು ಇನ್ನೊಬ್ಬರು. ಸಭೆ ಮುರಿಯಿತು. ಸಾಬಣ್ಣ ಕೊನೆಯಲ್ಲಿ ಎದ್ದು, ನನಗೊಂದು ನಮಸ್ಕಾರ ಮಾಡಿ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಶನಿವಾರ ಮಧ್ಯಾಹ್ನ ಯಾದಗಿರಿಯ ಬಸ್ಸು ಹತ್ತಿದೆ. ನಸೀಮಾಳ ಮುಂದೆ ಕೂತು, ನಿನ್ನ ಪ್ರೋಗ್ರಾಮು ನನ್ನ ಮರ್ಯಾದೆ ಕಳೆಯಿತು ಎಂದೆ. ಅವಳ ತಾಯಿ ಕೊಟ್ಟ ಚಹಾ ಆರುವವರೆಗೂ ನನ್ನ ದೂರು ಕೇಳಿದಳು.

“ಆಗಂಗಿಲ್ಲ ಅಂದ್ರ ಅದು ಸೋಲಲ್ಲ ಮ್ಯಾಡಂ. ಯಾಕ ಆಗಂಗಿಲ್ಲ ಅಂತ ನೀವು ಕೇಳೇ ಇಲ್ಲ” ಎಂದಳು.

ಕೇಳಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ‘ಆಗಂಗಿಲ್ಲ’ ಅಂದವರನ್ನು ಯಾಕೆ ಎಂದು ಕೇಳುವ ರೂಢಿ ನಮಗೆ ಕಡಿಮೆ. ನಸೀಮಾ ತೋರಿಸಿಕೊಟ್ಟಳು: ಬರೆದ ನೂರಾರು ಸಾಲುಗಳಲ್ಲಿ ನಿಜವಾಗಿ ಒಂದಕ್ಕೊಂದು ಹೊಡೆದಾಡುತ್ತಿರುವ ಸಾಲುಗಳನ್ನಷ್ಟೇ ಬೇರೆ ಮಾಡಿ ಕೊಡು ಎಂದು ಅದನ್ನು ಕೇಳಬಹುದಂತೆ. ಕೇಳಿದೆವು. ನಾಲ್ಕೇ ಸಾಲು ಬಂದವು. ನಾನು ಅವನ್ನು ಓದಿ, ಮತ್ತೊಮ್ಮೆ ಓದಿ, ಹಣೆಗೆ ಕೈ ಹಚ್ಚಿಕೊಂಡೆ.

ಮರೆಮ್ಮನಿಗೆ ಹಗಲು ಪಾಳಿ. ಮರೆಮ್ಮನ ಮುಂಚಿನದು ಮಲ್ಲಪ್ಪನದೋ ನಿಂಗಪ್ಪನದೋ. ಮಲ್ಲಪ್ಪನಿಗೆ ರಾತ್ರಿ ಬೇಡ. ನಿಂಗಪ್ಪನಿಗೆ ರಾತ್ರಿ ಬೇಡ.

ಹಗಲು ಪಾಳಿಗಿಂತ ಮುಂಚೆ ಬರುವುದು ರಾತ್ರಿ ಪಾಳಿ. ಇಬ್ಬರೂ ರಾತ್ರಿ ಒಲ್ಲೆ ಎಂದ ಮೇಲೆ ಮರೆಮ್ಮನ ಮುಂಚೆ ಯಾರು ಬರುತ್ತಾರೆ? ಹಗಲಿಗೆ ಮುಂಚೆ ರಾತ್ರಿ ಇರುತ್ತದೆ ಎಂಬುದನ್ನು ಕಂಡುಹಿಡಿಯಲು ಹದಿನಾಲ್ಕು ಮಂದಿ ರೈತರಿಗೆ ಮತ್ತು ಒಬ್ಬ ಗಣಿತದ ಟೀಚರಿಗೆ ಕಂಪ್ಯೂಟರು ಬೇಕಾಯಿತು. ಉಳಿದ ಹನ್ನೊಂದು ಮಂದಿಯ ಯಾವ ಷರತ್ತಿನಲ್ಲೂ ತಕರಾರು ಇರಲಿಲ್ಲ. ಕಂಡಕ್ಟರ್ ಡ್ಯೂಟಿಯೂ ಕುರಿ ಸಂತೆಯೂ ನಿರಪರಾಧಿ. ಈ ನಾಲ್ಕರಲ್ಲಿ ಯಾವುದಾದರೂ ಒಂದನ್ನು ತೆಗೆದು ನೋಡಿದೆವು. ಯಾವುದನ್ನು ತೆಗೆದರೂ ‘ಆಗ್ತದ’ ಎಂದೇ ಬಂತು. ಒಂದೇ ಸಾಲು ಸಾಕಿತ್ತು. ಯಾರ ಸಾಲು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಅದು ತನ್ನ ಕೆಲಸವೂ ಅಲ್ಲ ಎಂದು ನಸೀಮಾ ಹೇಳಿದಳು.

ಮರುದಿನ ಮತ್ತೆ ಎಲ್ಲರೂ ಕೂಡಿದರು. ಮೊದಲಿನ ಹುರುಪಿರಲಿಲ್ಲ, ಮಷಿನಿನ ಇನ್ನೊಂದು ಆಟ ನೋಡೋಣ ಎಂದು ಬಂದಂತಿತ್ತು. ನಾನು ಲ್ಯಾಪ್‌ಟಾಪ್ ತೆರೆಯದೆ ನಾಲ್ಕು ಸಾಲುಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಓದಿದೆ. ಹನ್ನೊಂದು ಮಂದಿಯ ಮುಖದ ಮೇಲೆ ಖುಲಾಸೆಯಾದವರ ನಿರಾಳ ಕಂಡಿತು. ಮಲ್ಲಪ್ಪ ನೆಲ ನೋಡಿದರು. ನಿಂಗಪ್ಪ ಹಲಗೆ ನೋಡಿದರು. ಇಬ್ಬರ ನಡುವೆ ನಾಲ್ಕು ಅಡಿ ಜಾಗ ಬಿಟ್ಟು ಕೂತಿದ್ದರು, ಯಾವಾಗಲೂ ಹಾಗೇ ಕೂರುವುದಂತೆ.

ಮೊದಲು ಮಾತಾಡಿದವರು ಮೆಟ್ಟಿಲ ಮೇಲಿದ್ದ ಮರೆಮ್ಮ.

“ನಂದೇ ಒಂದು ತೆಗೀರಿ ಟೀಚರ್. ರಾತ್ರಿನೇ ಬರ್ತೀನಿ. ಇಷ್ಟು ಮಂದಿಗೆ ತ್ರಾಸ ಬ್ಯಾಡ.”

ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಆ ಕ್ಷಣ ಹಾಯೆನಿಸಿತು. ಒಂದು ಸಾಲು ಅಳಿಸಿದರೆ ಕೆಲಸ ಮುಗಿಯುತ್ತದೆ, ಪಟ್ಟಿ ಸಿದ್ಧ, ನನ್ನ ಮರ್ಯಾದೆ ವಾಪಸ್. ಒರೆಸುವ ಬಟ್ಟೆ ಆಗಲೇ ನನ್ನ ಕೈಯಲ್ಲಿತ್ತು. ಸಾಬಣ್ಣ ನನ್ನನ್ನು ಕೈಸನ್ನೆಯಿಂದ ತಡೆದು, ಹಿಂದೆ ಒಮ್ಮೆ ರಾತ್ರಿ ಪಾಳಿ ತೆಗೆದುಕೊಂಡಿದ್ದಾಗ ಏನಾಯಿತು ಎಂದು ಮರೆಮ್ಮನನ್ನು ಕೇಳಿದರು. ಅವರು ಮೊದಲು ಹೇಳಲು ಒಲ್ಲೆ ಎಂದರು. ಆಮೇಲೆ ಹೊಲ ಉತ್ತದ್ದನ್ನು ಹೇಳುವಷ್ಟೇ ಸಹಜವಾಗಿ ಹೇಳಿದರು. ನೀರು ನಡುವೆ ನಿಂತಿತಂತೆ. ಬ್ಯಾಟರಿ ಹಿಡಿದು ಕಾಲುವೆಗುಂಟ ಮೇಲೆ ಹೋಗಿ ನೋಡಿದರೆ ಯಾರೋ ತಮ್ಮ ಹೊಲಕ್ಕೆ ಒಡೆದುಕೊಂಡಿದ್ದರು. ಕೈಯಿಂದ ಮಣ್ಣು ಮೆತ್ತಿ ಮುಚ್ಚಿ ಕೆಳಗೆ ಬಂದರೆ ಮತ್ತೆ ನಿಂತಿತು. ಮತ್ತೆ ಹೋದರು. ಹೀಗೆ ನಾಲ್ಕು ಸಲ. ಬೆಳಕು ಹರಿದಾಗ ಪಾಳಿ ಮುಗಿದಿತ್ತು, ಹೊಲ ಒಣಗಿತ್ತು. ಯಾರ ಹೊಲಕ್ಕೆ ಒಡೆದಿತ್ತು ಎಂದು ಅವರು ಹೇಳಲಿಲ್ಲ. ಯಾರೂ ಕೇಳಲಿಲ್ಲ. ಪಡಸಾಲೆಯಲ್ಲಿ ಹಲವರು ನೆಲ ನೋಡತೊಡಗಿದರು.

ನಿಂಗಪ್ಪ ಗಂಟಲು ಸರಿಮಾಡಿಕೊಂಡರು. “ಟೀಚರ್, ನನ್ನ ಸಾಲು ಇನ್ನೊಮ್ಮೆ ಓದ್ರಿ.”

ಓದಿದೆ.

“ಯಾಕ ಬ್ಯಾಡ ಅಂತ ಬರದಿಲ್ಲೇನು?”

ಕಾರಣ ಬರೆಯಲು ಅದರಲ್ಲಿ ಜಾಗವಿಲ್ಲ ಎಂದೆ.

“ಜಾಗ ಇದ್ರ ನನಗ ನಾಚಿಕಿ ಆಗ್ತಿತ್ತು. ಅಣ್ಣ ಒಲ್ಲೆ ಅಂದ, ಅದಕ್ಕ ನಾನೂ ಒಲ್ಲೆ ಅಂದೆ. ಬ್ಯಾರೆ ಏನೂ ಇಲ್ಲ. ಹೊಡದ ಹಾಕ್ರಿ ಅದನ್ನ.”

ನಾನು ಹಲಗೆಯ ಕಡೆ ತಿರುಗುವುದರೊಳಗೆ ಮಲ್ಲಪ್ಪ ಎದ್ದು ನಿಂತರು. ತಮ್ಮನ ಕಡೆ ನೋಡದೆ, ಆ ಕಡೆ ಕೂತವರಿಗೆ ಹೇಳಿ ಎಂದು ನನಗೆ ಹೇಳಿದರು: ಸಣ್ಣವನು ಕತ್ತಲಲ್ಲಿ ನೀರು ಕಟ್ಟುವುದು, ದೊಡ್ಡವನು ಮನೆಯಲ್ಲಿ ಮಲಗುವುದು, ಊರವರು ಏನಂದಾರು, ತನ್ನ ಸಾಲೇ ಅಳಿಸಿ. ನಾನು ಹೇಳಿದೆ. ಅದು ಸಾಧ್ಯವಿಲ್ಲ, ಮೊದಲು ಹೇಳಿದವನು ತಾನು ಎಂದು ನಿಂಗಪ್ಪ ನನಗೆ ಹೇಳಿದರು. ಅದನ್ನೂ ಈ ಕಡೆ ಮುಟ್ಟಿಸಿದೆ. ಇಲ್ಲಿಯವರೆಗೆ ರಾತ್ರಿ ಬೇಡ ಎಂದು ನಡೆದ ಜಗಳ ಈಗ ರಾತ್ರಿ ನನಗೇ ಬೇಕು ಎಂದು ನಡೆಯತೊಡಗಿತು. ನಾಲ್ಕು ಅಡಿ ಅಂತರದ ಇಬ್ಬರ ನಡುವೆ ನಾನು ಟಪಾಲು ಹಂಚುತ್ತ ನಿಂತಿದ್ದೆ. ಮೂರನೆಯ ಟಪಾಲೋ ನಾಲ್ಕನೆಯದೋ ಹಂಚುವಾಗ ಮಲ್ಲಪ್ಪನಿಗೆ ಮೈಮರೆಯಿತು.

“ಲೇ ನಿಂಗಾ, ಹ್ವಾದ ವರ್ಷ ನಿನ್ನ ಕಾಲಿಗೆ ಮುಳ್ಳ ನಟ್ಟು ಬಾತಿದ್ದು ನನಗ ಗೊತ್ತಿಲ್ಲಂತ ತಿಳದೀ ಏನು? ಕತ್ತಲಾಗ ಕೆಸರಾಗ ಇಳೀತಾನಂತ. ಸುಮ್ಮ ಕುಂದ್ರು.”

ನಿಂಗಪ್ಪ ತಲೆ ಎತ್ತಿದರು. ನಾನು ಟಪಾಲು ನಿಲ್ಲಿಸಿದೆ.

“ಕಾಲು ಬರಾಬರ್ ಆಗ್ಯಾದ, ಅಣ್ಣಾ. ನಿನ್ನ ಕಣ್ಣು ಆಗಿಲ್ಲ” ಎಂದರು ನಿಂಗಪ್ಪ.

ಆರು ವರ್ಷದ ಮೇಲೆ ಅಣ್ಣತಮ್ಮಂದಿರು ಆಡಿಕೊಂಡ ಮೊದಲ ಮಾತುಗಳು ಅವು. ಹನ್ನೆರಡು ಮಂದಿ ಕೇಳಿಸಿಕೊಂಡರು, ಒಬ್ಬರೂ ಕೇಳಿಸಿಕೊಂಡಂತೆ ತೋರಿಸಲಿಲ್ಲ. ಸಾಬಣ್ಣ ಶಾಲೆಯ ಧ್ವಜದ ಕಂಬವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಮಲ್ಲಪ್ಪ ನಿಧಾನವಾಗಿ ಕೆಳಗೆ ಕೂತರು. ನಿಂಗಪ್ಪನ ಸಾಲನ್ನು ನಾನು ಅಳಿಸಿದೆ. ಲ್ಯಾಪ್‌ಟಾಪ್ ‘ಆಗ್ತದ’ ಎಂದಿತು. ಬುಧವಾರ ರಾತ್ರಿ ನಿಂಗಪ್ಪ, ಗುರುವಾರ ಹಗಲು ಮರೆಮ್ಮ.

ಅಣ್ಣತಮ್ಮಂದಿರು ಅವತ್ತು ತಬ್ಬಿಕೊಂಡು ಮನೆಗೆ ಹೋದರೆಂದು ನೀವು ತಿಳಿಯಬೇಡಿ. ಬೇರೆ ಬೇರೆ ದಾರಿಯಲ್ಲೇ ಹೋದರು. ಇಬ್ಬರ ಪಾಳಿ ಒಂದರ ಹಿಂದೊಂದು ಬರಬಾರದು ಎಂಬ ಸಾಲು ಆ ಹಂಗಾಮಿನಲ್ಲಿ ಹಾಗೇ ಇತ್ತು. ಮುಂದಿನ ಹಂಗಾಮಿಗೆ ಹೊಸ ಪಟ್ಟಿ ಮಾಡುವಾಗ ಸಾಬಣ್ಣ ಬಂದು, ಆ ಸಾಲು ಇನ್ನು ಬೇಡವಂತೆ, ಇಬ್ಬರೂ ಬೇರೆ ಬೇರೆಯಾಗಿ ಬಂದು ಹೇಳಿಹೋದರು ಎಂದರು. ನಾನು ಅಳಿಸಿದೆ.

ಮೊದಲ ಗುರುವಾರ ನಾನು ಅರ್ಧ ದಿನ ರಜೆ ಹಾಕಿ ಹೊಲಕ್ಕೆ ಹೋದೆ. ಹೊತ್ತು ಏರುತ್ತಿತ್ತು. ನಿಂಗಪ್ಪ ಸಲಿಕೆ ಊರಿಕೊಂಡು ಬದುವಿನ ಮೇಲೆ ನಿಂತಿದ್ದರು, ಕಣ್ಣು ಕೆಂಪಾಗಿದ್ದವು. ತಮ್ಮ ಹೊಲದ ಮಡ್ಡೆ ಆಗಲೇ ಕಟ್ಟಿದ್ದರು, ಮರೆಮ್ಮನ ಹೊಲದ ಮಡ್ಡೆಯನ್ನೂ ಅವರೇ ತೆಗೆದಿದ್ದರು. ಒದ್ದೆ ಕಾಲುವೆಯಲ್ಲಿ ನೀರು ಎಲ್ಲೂ ನಿಲ್ಲದೆ ಇಳಿದು ಕೊನೆಯ ಹೊಲಕ್ಕೆ ಹೊಕ್ಕಿತು. ಮರೆಮ್ಮ ಅದನ್ನು ಸ್ವಲ್ಪ ಹೊತ್ತು ನಿಂತು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರು ಮುಟ್ಟದ ಮೂಲೆಗಳತ್ತ ಸಲಿಕೆ ಹಿಡಿದು ನಡೆದರು. ನಿಂತು ಖುಷಿಪಡಲು ಅವರಿಗೆ ಪುರುಸೊತ್ತಿರಲಿಲ್ಲ, ಪಾಳಿ ಓಡುತ್ತಿತ್ತು.

ಎರಡು ವಾರದ ನಂತರ ಸಸಿ ಹಚ್ಚುವ ದಿನ ನನ್ನನ್ನು ಕರೆದರು. ಬದುವಿನ ಮೇಲೆ ನಿಂತು ನೋಡೋಣ ಎಂದು ಹೋದವಳನ್ನು, ಬರ್ರಿ ಟೀಚರ್, ಇಳೀರಿ ಎಂದು ಕೆಸರಿಗೆ ಇಳಿಸಿದರು. ಸಸಿ ಹಚ್ಚುವಾಗ ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಹಾಗಾಗಿ ಹಚ್ಚಿದ್ದು ಯಾವಾಗಲೂ ಕಣ್ಣೆದುರಿಗೇ ಇರುತ್ತದೆ, ತಪ್ಪು ಮುಚ್ಚಿಡಲು ದಾರಿಯಿಲ್ಲ. ನನ್ನ ಪಕ್ಕದ ಹೆಂಗಸರ ಸಾಲುಗಳು ಗೆರೆ ಎಳೆದಂತೆ ಹೋಗುತ್ತಿದ್ದವು. ಮೂವತ್ತು ವರ್ಷ ಮಕ್ಕಳಿಗೆ ಸರಳರೇಖೆ ಕಲಿಸಿದವಳ ಸಾಲು ಎಡಕ್ಕೆ ಹೋಗಿ, ಏನೋ ನೆನಪಾದಂತೆ ನಿಂತು, ಬಲಕ್ಕೆ ಬಂತು. ಮರೆಮ್ಮ ನನ್ನ ಸಸಿಗಳನ್ನು ಕಿತ್ತು ನೆಟ್ಟಗೆ ಹಚ್ಚುತ್ತ ಬಂದರು. ನಾನು ಕಂಡೂ ಕಾಣದಂತೆ ಇದ್ದೆ. ಬದುವಿನ ಪಕ್ಕದ ಕೊನೆಯ ಸಾಲನ್ನು ಮಾತ್ರ ಅವರು ಮುಟ್ಟಲಿಲ್ಲ. ಅದನ್ನೂ ಸರಿಮಾಡಿ ಎಂದೆ.

“ಇರ್ಲಿ ಬಿಡ್ರಿ, ಅದು ನಿಮ್ಮದು” ಎಂದರು.

ಆ ಹಂಗಾಮು ಪೂರ್ತಿ, ಶಾಲೆಗೆ ಹೋಗುವಾಗ ಕಾಲುವೆಯ ದಂಡೆಯ ಮೇಲೆ ಒಂದು ನಿಮಿಷ ನಿಲ್ಲುತ್ತಿದ್ದೆ. ಅಷ್ಟು ಹೊಲಗಳ ಒಂದೇ ಹಸಿರಿನಲ್ಲಿ ಮರೆಮ್ಮನದು ಯಾವುದೆಂದು ಹುಡುಕಬೇಕಾಗಿರಲಿಲ್ಲ. ತುದಿಯಲ್ಲಿ ಒಂದು ಸಾಲು ಹಾವು ಹರಿದಂತೆ ಸೊಟ್ಟಗೆ, ಬೇರೆಲ್ಲ ಸಾಲುಗಳಷ್ಟೇ ಎತ್ತರವಾಗಿ ನಿಂತಿತ್ತು.